ಹಿನ್ನೀರಿನಲ್ಲಿ ಡ್ರಿಫ್ಟರ್ ಬಿಟ್ಟ ನನ್ನ ಅನುಭವ

ಕಳೆದ ಪುನರ್ವಸು ಮಳೆಯಲ್ಲಿ ಆಲಮಟ್ಟಿ ಹಿನ್ನೀರಿಗೆ 14 ಡ್ರಿಫ್ಟರ್ ಬಿಟ್ಟೆ. ಡ್ರಿಫ್ಟರ್ ಅಂದರೆ ನೀರಿನ ಜೊತೆ ತೇಲುತ್ತಾ ತಾನೆಲ್ಲಿದ್ದೇನೆ ಅಂತ ಮೊಬೈಲ್‌ಗೆ ತಿಳಿಸುವ ಸಾಧನ. ಬಿಟ್ಟಾಗ ಅವು ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಚೆಲ್ಲಿದ್ದವು. 30 ತಾಸಿನ ನಂತರ ಮೊಬೈಲ್ ತೆಗೆದು ನೋಡಿದರೆ 9 ಡ್ರಿಫ್ಟರ್ ಒಂದೇ ಗೆರೆಯ ಮೇಲೆ, ಹೆಚ್ಚೂಕಡಿಮೆ 100 ಮೀಟರ್ ಒಳಗೆ ನಿಂತಿವೆ. ಮೂರು ವರ್ಷದಿಂದ "ಇದು ಸಮುದ್ರದವರ ಕೆಲಸ, ಇಲ್ಲಿ ನಡೆಯಲ್ಲ" ಅನ್ನಿಸಿಕೊಂಡಿದ್ದೆ. ಆ ನಕ್ಷೆಯನ್ನು ಅವತ್ತು ರಾತ್ರಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಾನಿರುವುದು ಬಾಗಲಕೋಟೆ ನವನಗರದಲ್ಲಿ. ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುತ್ತೇನೆ. ಕೊರೊನಾ ಕಾಲದಲ್ಲಿ, ತೇಲುವ ವಸ್ತು ಎತ್ತ ಹೋಗುತ್ತದೆ ಅಂತ ಲೆಕ್ಕ ಹಾಕುವ ಓಪನ್‌ಡ್ರಿಫ್ಟ್ ಅನ್ನುವ ತಂತ್ರಾಂಶ ಇಳಿಸಿಕೊಂಡು, ಕಂಪ್ಯೂಟರಿನಲ್ಲೇ ಮೆಡಿಟರೇನಿಯನ್ ಸಮುದ್ರದ ಮೇಲೆ ಕಣಗಳನ್ನು ಬಿಡುವುದು ಶುರು ಮಾಡಿದೆ. ಅದಕ್ಕೆ ಬೇಕಾದ ಪ್ರವಾಹದ ಡೇಟಾ ಯುರೋಪಿನ ಕೋಪರ್ನಿಕಸ್ ಸೇವೆಯಿಂದ ಪುಕ್ಕಟೆ ಸಿಗುತ್ತದೆ. ಆ ಸಮುದ್ರವನ್ನೇ ಆರಿಸಿಕೊಳ್ಳಲು ಒಂದು ಕಾರಣವಿತ್ತು. ಜಿಬ್ರಾಲ್ಟರ್ ಜಲಸಂಧಿ ಬರೀ 14 ಕಿಲೋಮೀಟರ್ ಅಗಲ. ಅಲ್ಲಿ ಅಟ್ಲಾಂಟಿಕ್ ನೀರು ಮೇಲಿಂದ ಒಳಗೆ ಬರುತ್ತದೆ. ಒಳಗಿನ ಉಪ್ಪು ಜಾಸ್ತಿಯಾದ ಭಾರದ ನೀರು ಕೆಳಗಿಂದ ಹೊರಗೆ ಹೋಗುತ್ತದೆ. ತೇಲುವ ವಸ್ತು ಮೇಲೇ ಇರುತ್ತದಲ್ವಾ? ಹಾಗಾಗಿ ಒಳಗೆ ಬಂದದ್ದಕ್ಕೆ ಹೊರಗೆ ಹೋಗುವ ದಾರಿ ಬಹಳ ಕಡಿಮೆ. ನಮ್ಮ ಹಿನ್ನೀರಿನ ಕಸದ ಕಥೆಯೂ ಇದೇ ಅನ್ನಿಸಿತು.

ಅಲ್ಜೀರಿಯಾ ಕರಾವಳಿಯಲ್ಲಿ ಬಿಟ್ಟ ನನ್ನ ಕಣಗಳು ಅಲ್ಲಿನ ದೊಡ್ಡ ಸುಳಿಗಳಿಗೆ ಸಿಕ್ಕಿ ತಿರುಗಿದವು. ಕೆಲವು ತಿಂಗಳಲ್ಲಿ ಅರ್ಧ ಸಮುದ್ರಕ್ಕೆ ಹರಡಿದವು. ಚಿತ್ರ ಬಹಳ ಚೆಂದ ಬಂತು. ಅದೇ ನನ್ನನ್ನು ದಾರಿ ತಪ್ಪಿಸಿತು. ಮುಚ್ಚಿದ ನೀರಿನಲ್ಲಿ ಕಸ ಹರಡುತ್ತಲೇ ಹೋಗುತ್ತದೆ ಅಂತ ನಂಬಿಕೊಂಡೆ. ಕೋಪರ್ನಿಕಸ್ ಡೇಟಾ ಸಮುದ್ರವನ್ನು ಚೌಕ ಚೌಕವಾಗಿ ಹಂಚಿಕೊಂಡಿರುತ್ತದೆ, ಒಂದು ಚೌಕ ಸುಮಾರು 4 ಕಿಲೋಮೀಟರ್. ಅದಕ್ಕಿಂತ ಸಣ್ಣದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಆಮೇಲೆ ಹಿನ್ನೀರಿಗೆ ಇಳಿದೆ. ಮೊದಲ ವರ್ಷ ಡ್ರಿಫ್ಟರ್ ಅಂತ ಬಾಟಲಿ ಕಟ್ಟಿದೆ. ಎರಡು ಲೀಟರ್ ಬಾಟಲಿ, ಒಳಗೆ ಬೈಕಿಗೆ ಹಾಕುವ ಜಿಪಿಎಸ್ ಟ್ರ್ಯಾಕರ್, ಒಂದು ಸಿಮ್. ಟ್ರ್ಯಾಕರ್ ಒಂದಕ್ಕೆ 1,700 ರೂಪಾಯಿ ಆಸುಪಾಸು. ಆರು ಬಿಟ್ಟೆ. ಆರೂ ನೆಟ್ಟಗೆ ಪೂರ್ವ ದಂಡೆಯ ಜಾಲಿ ಕಂಟಿಯೊಳಗೆ ಹೋಗಿ ಕೂತವು. ಅದು ನೀರಿನ ದಾರಿ ಅಲ್ಲ, ಗಾಳಿಯ ದಾರಿ. ಮೇಲೆ ತೇಲುವ ಬಾಟಲಿಗೆ ಗಾಳಿಯ ವೇಗದ ನೂರಕ್ಕೆ 3 ಪಾಲು ಹಿಡಿಯಿರಿ. ತಾಸಿಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಬಾಟಲಿ 600 ಮೀಟರ್ ಓಡುತ್ತದೆ. ನಮ್ಮ ಹಿನ್ನೀರು ಬೇಸಿಗೆಯಲ್ಲಿ ಅದರ ಅರ್ಧದಷ್ಟೂ ಓಡಲ್ಲ.

ಟ್ರ್ಯಾಕರ್ ಕೊಟ್ಟ ಕಾಟ ಬೇರೆ. ಬೈಕ್ ಟ್ರ್ಯಾಕರ್‌ಗೆ ಅಲುಗಾಟ ನಿಂತರೆ ಮಲಗುವ ಅಭ್ಯಾಸ ಇದೆ. ನೀರು ಶಾಂತವಾದ ಕೂಡಲೇ ಎಲ್ಲವೂ ಸುಮ್ಮನಾದವು. ಮುಳುಗಿದವು ಅಂತ ತಿಳಿದು ದೋಣಿ ತೆಗೆದುಕೊಂಡು ಹುಡುಕಿದೆ. ಒಂದು ದಿನದ ದೋಣಿಗೆ 600 ರೂಪಾಯಿ, ಅಂಥ ನಾಲ್ಕು ದಿನ ಹೋದವು. ಮಲಗದ ಹಾಗೆ ಮಾಡುವ ಎಸ್ಸೆಮ್ಮೆಸ್ ಆಜ್ಞೆ ಹಲವು ಟ್ರ್ಯಾಕರ್‌ಗೆ ಇರುತ್ತದೆ, ಜೊತೆಗೆ ಬರುವ ಪುಸ್ತಕದಲ್ಲಿ ಹುಡುಕಿ ಮೊದಲು ಅದನ್ನು ಕಳಿಸಿ. ಆಗ ಬ್ಯಾಟರಿ ಬೇಗ ಹೋಗುತ್ತದೆ, ಪವರ್ ಬ್ಯಾಂಕ್ ಬೇಕೇ ಬೇಕು. ಇನ್ನೊಂದು ಮಾತು. ನಿಂತ ಟ್ರ್ಯಾಕರ್ ಕೂಡ ಐದು ಹತ್ತು ಮೀಟರ್ ಅತ್ತಿತ್ತ ಕುಣಿಯುತ್ತದೆ. ಅದನ್ನೇ ಪ್ರವಾಹ ಅಂದುಕೊಳ್ಳಬೇಡಿ. ನಾನು 15 ನಿಮಿಷದ ಸರಾಸರಿ ಇಟ್ಟುಕೊಂಡೆ.

ಒಂದು ಡ್ರಿಫ್ಟರ್ ಮಾತ್ರ ನೀರು ಬಿಟ್ಟು ರಸ್ತೆ ಹಿಡಿದು, ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಬೀಳಗಿ ಕಡೆಗೆ ಹೋಯಿತು. ಯಾರೋ ಎತ್ತಿಕೊಂಡಿದ್ದರು. ಆಮೇಲಿಂದ ಪ್ರತಿಯೊಂದರ ಮೇಲೂ "ಇದು ನೀರಿನ ಪರೀಕ್ಷೆಗೆ, ತಿರುಗಿ ಕೊಟ್ಟವರಿಗೆ 100 ರೂಪಾಯಿ" ಅಂತ ದೊಡ್ಡದಾಗಿ ಬರೆಸಿದೆ. ಅವತ್ತಿನಿಂದ ಒಂದೂ ಕಳುವಾಗಿಲ್ಲ.

ಎರಡನೇ ವರ್ಷ ಕೋಡ್ (CODE) ಅನ್ನುವ ಡ್ರಿಫ್ಟರ್ ಮಾದರಿಗೆ ಬಂದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಬಳಸಿದ್ದು, ನಾಲ್ಕು ರೆಕ್ಕೆಯದು. ಪಿವಿಸಿ ಪೈಪು, ರೆಕ್ಕೆಗೆ ತಾಡಪತ್ರಿ. ಮೂಲದಲ್ಲಿ ಎತ್ತರ ಒಂದು ಮೀಟರ್. ಇಲ್ಲಿ ಅದು ನಡೆಯಲಿಲ್ಲ. ನಮ್ಮ ಹಿನ್ನೀರಿನ ಕೆಳಗೆ ಹೊಲ ಇವೆ, ಬದು ಇವೆ, ಬೇಸಿಗೆಯಲ್ಲಿ ಬೆಳೆದು ನಿಂತ ಜಾಲಿ ಇದೆ. ಮೂರು ಸಿಕ್ಕಿಕೊಂಡವು. ರೆಕ್ಕೆಯನ್ನು 60 ಸೆಂಟಿಮೀಟರ್‌ಗೆ ಕತ್ತರಿಸಿದೆ. ನೀರಿನ ಮೇಲೆ ಟ್ರ್ಯಾಕರ್ ಡಬ್ಬಿಯ ಮುಚ್ಚಳ ಮಾತ್ರ, ನಾಲ್ಕು ಬೆರಳು. ಅಷ್ಟರ ಮೇಲೂ ನೀರುಕಾಗೆ ಬಂದು ರೆಕ್ಕೆ ಬಿಚ್ಚಿ ಕೂತುಬಿಡುತ್ತಿತ್ತು. ಕೂತರೆ ಡಬ್ಬಿ ವಾಲುತ್ತದೆ, ಸಿಗ್ನಲ್ ಹೋಗುತ್ತದೆ. ಮುಚ್ಚಳಕ್ಕೆ ಓರೆಯಾಗಿ ಒಂದು ತಂತಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಭಾರಕ್ಕೆ ಏನು ಕಟ್ಟಿದೆ, ಎಷ್ಟು ಕಟ್ಟಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೇ ನನಗೆ ಎಂಟು ತಿಂಗಳು ಹಿಡಿದಿದೆ.

ನಡುವೆ ಒಂದು ಸಣ್ಣ ಹುಚ್ಚು ಹತ್ತಿತು. 1948ರಲ್ಲಿ ರಿಚರ್ಡ್‌ಸನ್ ಮತ್ತು ಸ್ಟೊಮೆಲ್ ಅನ್ನುವ ಇಬ್ಬರು ವಿಜ್ಞಾನಿಗಳು ಸ್ಕಾಟ್‌ಲೆಂಡಿನ ಲಾಕ್ ಲಾಂಗ್‌ನಲ್ಲಿ ಪಾರ್ಸ್ನಿಪ್ ಅನ್ನುವ ಬಿಳಿ ಗಜ್ಜರಿಯಂಥ ಗಡ್ಡೆಯ ಚೂರು ನೀರಿಗೆ ಎಸೆದರು. ಎರಡೆರಡು ಚೂರು ಹೇಗೆ ದೂರವಾಗುತ್ತವೆ ಅಂತ ಅಳೆದರು. ಅಷ್ಟು ಸರಳ ಸಾಮಾನಿನಲ್ಲಿ ಅಷ್ಟು ದೊಡ್ಡ ಕೆಲಸ. ನಾನೂ ಇಂಡಿ ಕಡೆಯ ನಿಂಬೆಹಣ್ಣು 200 ತಂದು ಬಿಟ್ಟೆ. ಅರ್ಧಕ್ಕರ್ಧ ಮುಳುಗಿದವು. ಕಿತ್ತಳೆ ಚೆನ್ನಾಗಿ ತೇಲಿತು, ಸಿಪ್ಪೆ ಬಿಡಿಸಬಾರದು ಅಷ್ಟೇ. ಬಣ್ಣವೂ ದೂರದಿಂದ ಕಾಣುತ್ತದೆ. ಟ್ರ್ಯಾಕರ್‌ಗೆ ದುಡ್ಡಿಲ್ಲದ ಹುಡುಗರು ಕಿತ್ತಳೆಯಿಂದಲೇ ಶುರು ಮಾಡಬಹುದು. ಒಣಗಿದ ಸೋರೆ ಬುರುಡೆಯನ್ನೂ ನೋಡಿದೆ. ಈಜು ಕಲಿಯಲು ಬಹಳ ಒಳ್ಳೆಯದು, ಇದಕ್ಕಲ್ಲ. ಗಾಳಿ ಹಿಡಿಯುತ್ತದೆ.

ಡ್ರಿಫ್ಟರ್ ಸರಿಯಾದರೂ ಎರಡನೇ ವರ್ಷ ಏನೂ ಕಾಣಲಿಲ್ಲ. ಬೇಸಿಗೆಯಲ್ಲಿ ಬಿಟ್ಟಿದ್ದೆ. ಎಲ್ಲವೂ ಸುಮ್ನೆ ಅಲ್ಲಲ್ಲೇ ಅಲೆದಾಡಿದವು. ಜೊತೆಯ ಮಾಸ್ತರರೊಬ್ಬರು "ಚಹಾದಲ್ಲಿ ಸಕ್ಕರೆ ಕಲಕಿದ ಹಾಗೆ, ಎಲ್ಲ ಕಡೆ ಸಮ ಆಗುತ್ತದೆ, ಬಿಡಿ" ಅಂದರು. ಆಗ ಖರ್ಚು 40 ಸಾವಿರ ದಾಟಿತ್ತು. ಮನೆಯಲ್ಲಿ ಅರ್ಧವನ್ನಷ್ಟೇ ಹೇಳಿದ್ದೆ.

ದಾರಿ ತೋರಿಸಿದ್ದು ದೋಣಿ ನಡೆಸುವ ಕಾಕಾ. ಘಟಪ್ರಭೆಗೆ ಹೊಸ ಕೆಂಪು ನೀರು ಬಂದ ದಿನ ಕರೆದುಕೊಂಡು ಹೋದರು. ಕೆಂಪು ನೀರು ಬಂದು ತಿಳಿ ನೀರಿಗೆ ತಾಗುವಲ್ಲಿ ಚಾಕುವಿನಿಂದ ಕೊಯ್ದಂಥ ಗೆರೆ. ಅದರ ಮೇಲೆ ನೊರೆ, ಕಡ್ಡಿ, ಬಾಟಲಿ, ಜಲಕಳೆ. "ಮಾಸ್ತರ್ರ, ಹೊಳಿ ನೀರು ಕೆಳಗ ಹೊಕ್ಕೈತಿ, ಕಸ ಮ್ಯಾಲ ಉಳದೈತಿ ನೋಡ್ರಿ" ಅಂದರು. ನಾನು ದೋಣಿಯಲ್ಲಿ ಎದ್ದು ನಿಂತುಬಿಟ್ಟೆ. ಮಣ್ಣು ತುಂಬಿದ ತಣ್ಣನೆಯ ನೀರು ಭಾರ. ಬೆಚ್ಚಗಿನ ತಿಳಿ ನೀರಿನ ಕೆಳಗೆ ನುಗ್ಗುತ್ತದೆ. ನುಗ್ಗುವಾಗ ಮೇಲಿನ ತಿಳಿ ನೀರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ತೇಲುವ ವಸ್ತುವಿಗೆ ಕೆಳಗೆ ಹೋಗಲು ಆಗಲ್ಲ. ಹಾಗಾದರೆ ಎರಡೂ ಕಡೆಯಿಂದ ಕಸ ಗೆರೆಗೇ ಬರಬೇಕು.

ಅದಕ್ಕೇ ಕಳೆದ ವರ್ಷ ಹೊಳೆಯ ಕಡೆ 7, ಹಿನ್ನೀರಿನ ಕಡೆ 7 ಬಿಟ್ಟೆ. ಗಾಳಿ ಕಡಿಮೆ ಇರುವ ದಿನಕ್ಕಾಗಿ ಒಂದು ವಾರ ಕಾದೆ. ಜಾಕೆಟ್ ಹಾಕಿಕೊಂಡೇ ಇಳಿದೆವು, ಕಾಕಾ ಕೂಡ. ಹೊಳೆಯ ಕಡೆಯವು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹಿನ್ನೀರಿನ ಕಡೆಯ ನಾಲ್ಕು ಡ್ರಿಫ್ಟರ್ ಹೊಳೆಗೆ ಎದುರಾಗಿ, ತಾಸಿಗೆ 40-50 ಮೀಟರ್‌ನಂತೆ, ಮೆಲ್ಲಗೆ ಮೇಲೇರಿ ಬಂದವು. ಚಹಾ ಸಕ್ಕರೆ ಅಂದವರಿಗೆ ಆ ನಾಲ್ಕು ಗೆರೆಗಳನ್ನೇ ಕಳಿಸಿದೆ. ಮೆಕ್ಸಿಕೊ ಕೊಲ್ಲಿಯಲ್ಲೂ ವಿಜ್ಞಾನಿಗಳು ಹೀಗೇ ಕಂಡಿದ್ದರು. 20 ಕಿಲೋಮೀಟರ್ ಚೌಕದಲ್ಲಿ ಚೆಲ್ಲಿದ್ದ ಸುಮಾರು 200 ಡ್ರಿಫ್ಟರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ವಾರದಲ್ಲಿ 60 ಮೀಟರ್ ಚೌಕಕ್ಕೆ ಬಂದು ಸೇರಿದ್ದವು. 4 ಕಿಲೋಮೀಟರ್ ಚೌಕದ ಲೆಕ್ಕದಲ್ಲಿ ಅದು ಎಲ್ಲಿ ಕಾಣಬೇಕು? ನನ್ನ ಮೆಡಿಟರೇನಿಯನ್ ಚಿತ್ರಗಳನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಮೀನುಗಾರರು ಆ ಗೆರೆಯಲ್ಲಿ ಹಳೆಯ ಕ್ಯಾನು ಕಟ್ಟಿದ ಹಗ್ಗ ಹಾಕಿದರು. ಒಂದು ತಿಂಗಳಲ್ಲಿ ಎರಡು ಟ್ರ್ಯಾಲಿ ಕಸ ತೆಗೆದರು. ಅವರ ಬಲೆಗೆ ಅಷ್ಟು ಕಳೆ ಕಡಿಮೆಯಾಯಿತು. ಹಗ್ಗವನ್ನು ಒಂದೇ ಕಡೆ ಬಿಟ್ಟರೆ ಪ್ರಯೋಜನವಿಲ್ಲ. ಜಲಾಶಯ ತುಂಬಿದಂತೆ ಗೆರೆ ಹೊಳೆಯ ಮೇಲುಗಡೆಗೆ ಸರಿಯುತ್ತದೆ. ನಾವು ಮೂರು ಸಲ ಸರಿಸಿದೆವು. ಎಷ್ಟು ಸರಿಸಬೇಕು ಅನ್ನುವುದಕ್ಕೆ ಒಂದು ಲೆಕ್ಕ ಸಿಕ್ಕಿದೆ. ಇನ್ನೊಂದು ಮಳೆಗಾಲ ನೋಡಿ ಆಮೇಲೆ ಹೇಳುತ್ತೇನೆ.

ಅವತ್ತು ಬಿಟ್ಟ 14ರ ಪೈಕಿ ಉಳಿದ ಐದರಲ್ಲಿ ಎರಡು ಜಾಲಿಗೆ ಸಿಕ್ಕವು. ಮೂರು ಗೆರೆಗೆ ಬಂದು, ರಾತ್ರಿ ಎರಡರ ಸುಮಾರಿಗೆ ಗಾಳಿ ಎದ್ದಾಗ ತಪ್ಪಿಸಿಕೊಂಡವು. ಗಾಳಿ ಎಷ್ಟಾದರೆ ಗೆರೆ ಒಡೆಯುತ್ತದೆ ಅಂತ ಹಿಡಿಯಬೇಕು. ಈ ಸಲ ಆರಿದ್ರಾ ಮಳೆಗೇ 20 ಡ್ರಿಫ್ಟರ್ ತಯಾರು ಮಾಡಿಟ್ಟಿದ್ದೇನೆ. ಕಾಕಾಗೆ ರಾತ್ರಿ ದೋಣಿಗೆ ಹೇಳಿಯೂ ಆಗಿದೆ.