ಕೀ ಗಿಟ್‌ಗೆ ಹೋಗಿಬಿಟ್ಟರೆ ಏನು ಮಾಡಬೇಕು

ಪಾಸ್‌ವರ್ಡೋ ಎಪಿಐ ಕೀಯೋ (ಒಂದು ಪ್ರೋಗ್ರಾಂ ಇನ್ನೊಂದು ಸೇವೆಯನ್ನು ಬಳಸಲು ತೋರಿಸುವ ಗುಪ್ತ ಸಂಕೇತ) ತಪ್ಪಿ ರೆಪೊಗೆ, ಅಂದರೆ ತಂಡದ ಕೋಡ್ ಸಂಗ್ರಹಕ್ಕೆ, ಪುಷ್ ಆಯಿತು ಅಂತ ಗೊತ್ತಾದ ಕೂಡಲೇ ಎಲ್ಲರ ಕೈಯೂ ಡಿಲೀಟ್ ಕಡೆಗೇ ಹೋಗುತ್ತದೆ. ಫೈಲ್ ಅಳಿಸಿ, ಇನ್ನೊಂದು ಕಮಿಟ್ (ಬದಲಾವಣೆಯ ದಾಖಲೆ) ಹಾಕಿ, ನಿಟ್ಟುಸಿರು ಬಿಡುತ್ತಾರೆ. ಕೋಡ್ ರಿವ್ಯೂ ಮಾಡುವಾಗ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. “ಅಕ್ಕಾ, ತೆಗೆದುಬಿಟ್ಟೆ, ಈಗ ಸರಿಯಾಯ್ತಲ್ವಾ?” ಅಂತ ತಂಡದ ಹುಡುಗರು ಕೇಳುತ್ತಾರೆ. ಸರಿಯಾಗಿಲ್ಲ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇರುವುದೇ ಹಳೆಯದನ್ನು ಉಳಿಸಿಕೊಳ್ಳಲು. ಹಿಂದಿನ ಕಮಿಟ್ ತೆರೆದರೆ ಒಂದಕ್ಷರವೂ ಬದಲಾಗದೆ ಆ ಕೀ ಸಿಗುತ್ತದೆ. ಸಾರ್ವಜನಿಕ ರೆಪೊ ಆಗಿದ್ದರೆ ಹೊಸ ಪುಷ್‌ಗಳನ್ನು ಕೀಗಾಗಿಯೇ ಜಾಲಾಡುವ ಬಾಟ್‌ಗಳಿವೆ. ನೀವು ಗಮನಿಸುವ ಮೊದಲೇ ನಕಲು ಹೋಗಿರಬಹುದು.

ಅದಕ್ಕೇ ಮೊದಲು ಕೀ ಬದಲಿಸಿ. ಅಳಿಸುವುದೆಲ್ಲ ಆಮೇಲೆ. ಬೀಗದ ಕೈ ಬೀದಿಯಲ್ಲಿ ಬಿದ್ದಿತ್ತು ಅಂತ ಗೊತ್ತಾದರೆ ಅದನ್ನು ಎತ್ತಿಕೊಂಡು ಬಂದು ಸುಮ್ಮನಾಗುವುದಿಲ್ಲ, ಬೀಗವನ್ನೇ ಬದಲಿಸುತ್ತೇವೆ.

“ಖಾಸಗಿ ರೆಪೊ ಅಲ್ವಾ, ಯಾರು ನೋಡ್ತಾರೆ?” ಅನ್ನುವವರಿಗೆ ನಾನು ಊಬರ್ ವಿಷಯ ಹೇಳುತ್ತೇನೆ. 2016ರಲ್ಲಿ ಕಳ್ಳರು ನುಗ್ಗಿದ್ದು ಗಿಟ್‌ಹಬ್ ಅನ್ನುವ ಕೋಡ್ ಇಡುವ ತಾಣದಲ್ಲಿದ್ದ ಅವರ ಖಾಸಗಿ ರೆಪೊಗೇ. ಅಲ್ಲಿ ಸಿಕ್ಕ ಕ್ಲೌಡ್ ಕೀ ಹಿಡಿದು ಸುಮಾರು 5.7 ಕೋಟಿ ಜನರ ಮಾಹಿತಿ ತೆಗೆದರು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನದೇ ಒಂದು ಎಸ್‌ಎಸ್‌ಎಚ್ (ಸುರಕ್ಷಿತ ಸಂಪರ್ಕದ ವಿಧಾನ) ಖಾಸಗಿ ಕೀ ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊದಲ್ಲಿ ಕಾಣಿಸಿತು. ಯಾರಾದರೂ ಅದನ್ನು ಬಳಸಿದರು ಅನ್ನುವುದಕ್ಕೆ ಗುರುತೇ ಇರಲಿಲ್ಲ. ಆದರೂ ಅವರು ಕೀ ಬದಲಿಸಿದರು. ಅದರಿಂದ ಲೋಕದ ಎಷ್ಟೋ ಡೆವಲಪರ್‌ಗಳ ಪರದೆ ಮೇಲೆ ಎಚ್ಚರಿಕೆ ಬಂತು, ಬಿಲ್ಡ್‌ಗಳು (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ನಿಂತವು. ಅಷ್ಟು ತೊಂದರೆಯಾದರೂ ಬದಲಿಸಿದ್ದೇ ಸರಿ ಅಂತ ನನಗನ್ನಿಸುತ್ತದೆ.

ಬದಲಿಸುವುದು ಹೀಗೆ. ಹೊಸ ಕೀ ತೆಗೆದುಕೊಳ್ಳಿ, ನಡೆಯುತ್ತಿರುವ ಸೇವೆಗೆ ಕೊಡಿ, ಕೆಲಸ ಮಾಡುತ್ತಿದೆಯಾ ನೋಡಿ, ಆಮೇಲೆ ಹಳೆಯದನ್ನು ನಿಲ್ಲಿಸಿ. ಆದರೆ ಆ ಕೀ ಹಿಂದೆ ಹಣವೋ ಜನರ ಖಾಸಗಿ ಮಾಹಿತಿಯೋ ಇದ್ದರೆ ಈ ನಯನಾಜೂಕು ಬೇಡ. ಮೊದಲೇ ನಿಲ್ಲಿಸಿ, ಸೇವೆ ಸ್ವಲ್ಪ ಹೊತ್ತು ಕೆಟ್ಟರೂ ಪರವಾಗಿಲ್ಲ.

ಡೇಟಾಬೇಸ್ ಪಾಸ್‌ವರ್ಡ್ ಆಗಿದ್ದರೆ ಒಂದು ವಿಷಯ ಗಮನಿಸಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಪಾಸ್‌ವರ್ಡ್ ಬದಲಿಸಿದರೆ ಈಗಾಗಲೇ ತೆರೆದಿರುವ ಕನೆಕ್ಷನ್ ಕಡಿಯುವುದಿಲ್ಲ. ಒಳಗಿದ್ದವನು ಒಳಗೇ ಇರುತ್ತಾನೆ. ಆ ಕನೆಕ್ಷನ್‌ಗಳನ್ನು ನೀವೇ ಕಡಿಯಬೇಕು. ಲಾಗಿನ್ ಟೋಕನ್‌ಗೆ (ಲಾಗಿನ್ ಆದವರ ಗುರುತಿನ ಚೀಟಿಯಂಥದ್ದು) ಸಹಿ ಹಾಕುವ ಕೀ ಸೋರಿದ್ದರೆ, ಹೊಸ ಕೀ ಸೇರಿಸಿದರಷ್ಟೇ ಆಗುವುದಿಲ್ಲ, ಪರಿಶೀಲಿಸುವ ಪಟ್ಟಿಯಿಂದ ಹಳೆಯದನ್ನು ತೆಗೆಯಲೇಬೇಕು. ಎಲ್ಲರೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಆಗಲಿ.

ಮುಂದಿನ ಕೆಲಸ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ, ಓದುವುದು. ಜನ ಇದನ್ನೇ ಜಾಸ್ತಿ ಬಿಟ್ಟುಬಿಡುತ್ತಾರೆ. ಕೀ ಪುಷ್ ಆದ ಹೊತ್ತಿನಿಂದ ಅದು ನಿಂತ ಹೊತ್ತಿನವರೆಗೆ ಆ ಕೀಯಿಂದ ಯಾವ ಐಪಿಯಿಂದ ಏನೇನು ಕರೆ ಬಂತು, ಯಾವ ಡೇಟಾ ಓದಲಾಯಿತು ನೋಡಿ. ಮುಖ್ಯವಾಗಿ, ಆ ಕೀ ಬಳಸಿ ಹೊಸ ಯೂಸರ್ ಅಥವಾ ಇನ್ನೊಂದು ಕೀ ಹುಟ್ಟಿಕೊಂಡಿದೆಯಾ ಅಂತ ಹುಡುಕಿ. ಹಾಗಾಗಿದ್ದರೆ ಹಳೆಯದನ್ನು ನಿಲ್ಲಿಸಿಯೂ ಬಾಗಿಲು ತೆರೆದೇ ಇರುತ್ತದೆ. ಟೊಯೊಟಾ 2022ರಲ್ಲಿ ಹೇಳಿಕೊಂಡ ಪ್ರಕರಣದಲ್ಲಿ ಒಂದು ಸರ್ವರ್‌ನ ಕೀ 2017ರ ಡಿಸೆಂಬರ್‌ನಿಂದ ಸಾರ್ವಜನಿಕ ರೆಪೊದಲ್ಲಿ ಬಿದ್ದಿತ್ತು. ಹೆಚ್ಚುಕಡಿಮೆ ಐದು ವರ್ಷ. ಅಷ್ಟು ಹಿಂದಿನ ಲಾಗ್ ನಿಮ್ಮ ಹತ್ತಿರ ಇದೆಯಾ, ಇವತ್ತೇ ನೋಡಿಕೊಳ್ಳಿ.

ಜನರ ಮಾಹಿತಿ ಹೊರಹೋಗಿರುವ ಸುಳಿವು ಸಿಕ್ಕರೆ ಪ್ರೈವಸಿ ನೋಡಿಕೊಳ್ಳುವವರಿಗೆ ಅದೇ ಗಳಿಗೆಯಲ್ಲಿ ತಿಳಿಸಿ. ಯುರೋಪಿನ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆ ಕಾನೂನು ಅನ್ವಯಿಸುವ ಕಡೆ, ಗೊತ್ತಾದ ಮೇಲೆ ಸಾಮಾನ್ಯವಾಗಿ 72 ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ ಮಾಡಬೇಕು. ಅದರಲ್ಲಿ ಒಂದು ದಿನವನ್ನು ನಿಮ್ಮ ಸಂಕೋಚ ತಿನ್ನಬಾರದು.

ಇನ್ನು ಹಿಸ್ಟರಿ ತೊಳೆಯುವುದು, ಅಂದರೆ ಹಿಂದಿನ ಕಮಿಟ್‌ಗಳಿಂದಲೂ ಅಳಿಸುವುದು. ಗಿಟ್ ಫಿಲ್ಟರ್-ರೆಪೊ ಅನ್ನುವ ಸಾಧನ ಇದಕ್ಕಿದೆ. ಆದರೆ ತಿದ್ದಿದ ಕಮಿಟ್‌ನಿಂದ ಮುಂದಿನ ಕಮಿಟ್ ಗುರುತುಗಳೆಲ್ಲ ಬದಲಾಗುತ್ತವೆ, ತಂಡದವರೆಲ್ಲ ಹೊಸದಾಗಿ ಕ್ಲೋನ್ ಮಾಡಬೇಕು (ರೆಪೊದ ಪ್ರತಿ ಇಳಿಸಿಕೊಳ್ಳಬೇಕು), ಒಬ್ಬರು ಹಳೆಯ ಪ್ರತಿಯಿಂದ ಪುಷ್ ಮಾಡಿದರೂ ಎಲ್ಲ ವಾಪಸ್ ಬರುತ್ತದೆ. ಫೋರ್ಕ್‌ಗಳಲ್ಲಿ (ಬೇರೆಯವರು ಮಾಡಿಕೊಂಡ ರೆಪೊದ ಪ್ರತಿಗಳು), ಪುಲ್ ರಿಕ್ವೆಸ್ಟ್‌ಗಳಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು) ಹಳೆಯದು ಉಳಿದೇ ಇರಬಹುದು. ಕೀ ನಿಷ್ಕ್ರಿಯವಾಗಿದ್ದರೆ ಇಷ್ಟೆಲ್ಲ ಪಾಡು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಸೋರಿದ್ದು ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಡೇಟಾ ಫೈಲ್ ಆಗಿದ್ದರೆ ತೊಳೆಯಲೇಬೇಕು. ಪಾಸ್‌ವರ್ಡ್ ಬದಲಿಸಬಹುದು, ಒಬ್ಬರ ಹುಟ್ಟಿದ ದಿನಾಂಕ ಬದಲಿಸಲಾಗುತ್ತದಾ? ಡಾಕರ್ ಇಮೇಜ್‌ಗಳನ್ನೂ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಪದರ ಪದರವಾಗಿ ತುಂಬಿದ ಕಟ್ಟು) ನೋಡಿ. ಒಂದು ಲೇಯರ್‌ನಲ್ಲಿ ಸೇರಿದ ಫೈಲನ್ನು ಮುಂದಿನ ಲೇಯರ್‌ನಲ್ಲಿ ಅಳಿಸಿದರೂ ಅದು ಒಳಗೇ ಇರುತ್ತದೆ.

ಮುಂದೆ ಹೀಗಾಗದಂತೆ ಗಿಟ್‌ಲೀಕ್ಸ್ ತರಹದ ಸ್ಕ್ಯಾನರನ್ನು ಕಮಿಟ್‌ಗೆ ಮೊದಲೇ ಓಡುವಂತೆ ಹಾಕಿ. ಆ ತಡೆಯನ್ನು ಯಾರು ಬೇಕಾದರೂ ದಾಟಿ ಹೋಗಬಹುದು. ಹಾಗಾಗಿ ಸರ್ವರ್ ಕಡೆಯೂ ಪುಷ್ ತಡೆ ಇರಲಿ. ಗಿಟ್‌ಇಗ್ನೋರ್ (ಯಾವ ಫೈಲ್‌ಗಳನ್ನು ಗಿಟ್ ಬಿಡಬೇಕು ಅನ್ನುವ ಪಟ್ಟಿ) ಮೇಲೆ ಜಾಸ್ತಿ ಭರವಸೆ ಬೇಡ, ಈಗಾಗಲೇ ಗಿಟ್ ಹಿಡಿದಿಟ್ಟುಕೊಂಡ ಫೈಲ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಿಲ್ಡ್ ಯಂತ್ರಕ್ಕೆ ಸಾಧ್ಯವಾದಷ್ಟೂ ತಾನಾಗಿ ಅವಧಿ ಮುಗಿಯುವ ಟೋಕನ್ ಕೊಡಿ.

ಮತ್ತೆ, ಸೋರಿತು ಅಂತ ಬಂದು ಹೇಳಿದವರನ್ನು ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಲ ಮುಚ್ಚಿಡುತ್ತಾರೆ, ಆಗ ಕಳೆದುಹೋಗುವುದು ಬೇರೆ ಯಾರದೋ ಮಾಹಿತಿ.

ಗಲಾಟೆ ಇಲ್ಲದ ಒಂದು ದಿನ ನಿಮ್ಮಲ್ಲಿರುವ ಕೀಗಳನ್ನೆಲ್ಲ ಪಟ್ಟಿ ಮಾಡಿ: ಯಾವುದು ಎಲ್ಲಿ ಬಳಕೆಯಲ್ಲಿದೆ, ಯಾರ ಹತ್ತಿರ ಅಧಿಕಾರವಿದೆ, ಬದಲಿಸುವುದು ಹೇಗೆ. ಆಮೇಲೆ ಅದರಲ್ಲಿ ಒಂದನ್ನು ನಿಜವಾಗಿಯೂ ಬದಲಿಸಿ ನೋಡಿ. ಎಲ್ಲಿ ಸಿಕ್ಕಿಕೊಂಡಿರೋ ಅದನ್ನು ಆ ಪಟ್ಟಿಯಲ್ಲೇ ಬರೆದಿಡಿ.