ನಿಕ್ಕಲ್ ನೋಡಬೇಡಿ, ನಳಿಗೆ ನೋಡಿ: ಹಳೇ ಮಿಲಿಟರಿ ಪಿಸ್ತೂಲು ಆರಿಸುವ ಬಗೆ

ಹೋದ ಬೇಸಿಗೆಯಲ್ಲಿ ಹೊಸನಗರದ ಕಡೆಯ ನೆಂಟರೊಬ್ಬರು ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಪಿಸ್ತೂಲನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟರು. ದುಡ್ಡು ಕೊಟ್ಟಾಗಿತ್ತು, ಲೈಸೆನ್ಸ್‌ಗೆ ಏರಿಸಿಯೂ ಆಗಿತ್ತು. ಕನ್ನಡಿಯ ಹಾಗೆ ಹೊಳೆಯುವ ನಿಕ್ಕಲ್, ಹಿಡಿಗೆ ಮುತ್ತಿನ ಬಣ್ಣದ ಪ್ಲಾಸ್ಟಿಕ್. 'ಮೊದಲನೇ ಮಹಾಯುದ್ಧದ್ದಂತೆ' ಅಂದರು. ನಾನು ನಳಿಗೆ ಬಿಚ್ಚಿ ಕಿಟಕಿಗೆ ಹಿಡಿದೆ. ನಟ್ಟನಡುವೆ ಒಂದು ಕಪ್ಪು ಉಂಗುರ. ಯಾವುದೋ ಕಾಲದಲ್ಲಿ ಗುಂಡೊಂದು ಒಳಗೇ ಸಿಕ್ಕಿಕೊಂಡಿದ್ದಾಗ ಅದರ ಹಿಂದೆಯೇ ಮತ್ತೊಂದು ಹಾರಿಸಿದ್ದಾರೆ. ನಳಿಗೆ ಒಳಗಿಂದ ಉಬ್ಬಿದೆ. ಅವರಿಗೆ ತೋರಿಸಿದೆ. ಕಾಫಿ ಮುಟ್ಟಲೇ ಇಲ್ಲ.

ಇಂಥದ್ದು ನಾನು ನೋಡಿದ್ದು ಇದೇ ಮೊದಲಲ್ಲ. ತೋಟಕ್ಕೆ ಟಿಲ್ಲರ್ ತರುವಾಗ ನಾಲ್ಕು ಜನರನ್ನು ಕೇಳುವ ನಾವು, ಪಿಸ್ತೂಲು ಅಂದಕೂಡಲೇ ಹೊಳಪಿಗೂ ಹೆಸರಿಗೂ ಮರುಳಾಗುತ್ತೇವೆ.

1. ಮೊದಲು ಲೈಸೆನ್ಸ್, ಆಮೇಲೆ ಆಸೆ

ಸಿನಿಮಾದಲ್ಲಿ ಕಂಡ ದೊಡ್ಡ ಮಿಲಿಟರಿ ಪಿಸ್ತೂಲುಗಳನ್ನು ಮನಸ್ಸಿನಿಂದ ತೆಗೆದುಹಾಕಿ. ಕೋಲ್ಟ್ 1911 ಅಂದರೆ .45. ಲೂಗರ್, ಬ್ರೌನಿಂಗ್ ಹೈ ಪವರ್ ಅಂದರೆ 9 ಮಿ.ಮೀ. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದ ವೆಬ್ಲಿ ರಿವಾಲ್ವರ್ .455, ಆಮೇಲೆ .38. ಇವೆಲ್ಲ ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ; ಚುಕ್ಕಿಯಿಂದ ಶುರುವಾಗುವವು ಇಂಚಿನ ಲೆಕ್ಕ). ಮಾಮೂಲಿ ಲೈಸೆನ್ಸ್‌ನಲ್ಲಿ ಸಿಗುವುದಿಲ್ಲ. ಯಾರಾದರೂ 'ನನ್ನ ಹತ್ರ ಒಂದಿದೆ, ಸುಮ್ನೆ ಇಟ್ಕೊಳ್ಳಿ' ಅಂದರೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬನ್ನಿ.

ನಮಗೆ ಮುಖ್ಯವಾಗಿ ಉಳಿಯುವುದು .32 (.22 ಇದೆ, ಅದು ಬೇರೆ ಕಥೆ). ಒಬ್ಬರ ಹೆಸರಿಗೆ ಮೂರು ಕೋವಿ ಇರಬಹುದು ಎಂದಿದ್ದದ್ದು 2019ರ ತಿದ್ದುಪಡಿಯಲ್ಲಿ ಎರಡಕ್ಕೆ ಇಳಿಯಿತು. ಅಜ್ಜನ ಜೋಡುನಳಿಗೆ ಒಂದು, ಅಪ್ಪನ ಒಂಟಿನಳಿಗೆ ಒಂದು ಈಗಾಗಲೇ ನಿಮ್ಮ ಹೆಸರಿಗಿದ್ದರೆ ಪಿಸ್ತೂಲಿಗೆ ಜಾಗ ಇಲ್ಲ. ಇನ್ನೊಂದು ಮಾತು. ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಏಲಕ್ಕಿ ಕೀಳುವ ಮಂಗ, ಇವಕ್ಕೆ .32 ಉತ್ತರವಲ್ಲ. ಅದಕ್ಕಾಗಿಯೇ ಕೊಳ್ಳುತ್ತಿದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ.

2. ಯಾವ ಹೆಸರು?

.32ರಲ್ಲೂ ಅಸಲಿ ಮಿಲಿಟರಿ ವಂಶದವು ಬೇಕಷ್ಟಿವೆ. ಕೋಲ್ಟ್ 1903 ಅಮೆರಿಕದ ಜನರಲ್‌ಗಳಿಗೆ ಕೊಡುತ್ತಿದ್ದ ಪಿಸ್ತೂಲು. ಬೆಲ್ಜಿಯಮ್ಮಿನ ಎಫ್‌ಎನ್ ಬ್ರೌನಿಂಗ್ 1910, ಅದರ ಉದ್ದ ನಳಿಗೆಯ ತಮ್ಮ 1922. ಜರ್ಮನಿಯ ವಾಲ್ಥರ್ ಪಿಪಿ ಬಂದದ್ದು 1929ರಲ್ಲಿ, ಪುಟ್ಟ ಪಿಪಿಕೆ ಅದರ ಹಿಂದೆಯೇ. ಲಂಡನ್ ಪೊಲೀಸರು 1911ರಿಂದ ಬಳಸಿದ ಮೂಲೆಮೂಲೆಯ ವೆಬ್ಲಿ ಆ್ಯಂಡ್ ಸ್ಕಾಟ್ .32 ಕೂಡ ಹಳೇ ಎಸ್ಟೇಟು ಮನೆಗಳಿಂದ ಆಗಾಗ ಹೊರಬರುತ್ತದೆ.

ಆದರೆ ಬೆಲೆ? ಹೊರದೇಶದಿಂದ ನಾಗರಿಕರಿಗೆ ಪಿಸ್ತೂಲು ಬರುವುದು 1980ರ ದಶಕದಲ್ಲೇ ನಿಂತುಹೋಯಿತು. ದೇಶದೊಳಗೆ ಇದ್ದವೇ ಕೈಯಿಂದ ಕೈಗೆ ಸುತ್ತುತ್ತಿವೆ. ಹಾಗಾಗಿ ಲಕ್ಷಗಟ್ಟಲೆ ಕೇಳುತ್ತಾರೆ. ಅದರಲ್ಲಿ ಅರ್ಧ ದುಡ್ಡು ಉಕ್ಕಿಗಲ್ಲ, ಉಕ್ಕಿನ ಮೇಲೆ ಕೆತ್ತಿದ ಹೆಸರಿಗೆ. ನನ್ನನ್ನು ಕೇಳಿದರೆ ಸವೆದ ವಾಲ್ಥರ್‌ಗಿಂತ ಬಿಗಿಯಾಗಿರುವ ಬ್ರೌನಿಂಗ್ 1910 ಮೇಲು. ಭಾಗಗಳು ಕಡಿಮೆ, ಅಂಗಿಗೆ ಸಿಕ್ಕಿಕೊಳ್ಳುವ ಮೂಲೆಯೂ ಇಲ್ಲ.

ಸ್ಪೇನಿನವುಗಳ ಬಗ್ಗೆ ಮಾತ್ರ ಎಚ್ಚರ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಪಿಸ್ತೂಲು ಸಾಲದೆ ಹೋದಾಗ ಗಬಿಲೊಂಡೊ ಕಂಪನಿಯ 'ರೂಬಿ' ಪಿಸ್ತೂಲಿಗೆ ಆರ್ಡರ್ ಕೊಟ್ಟರು. ಒಂದು ಕಂಪನಿಯಿಂದ ಆಗದೆ ಐಬಾರ್ ಸುತ್ತಲಿನ ಹತ್ತಾರು ವರ್ಕ್‌ಶಾಪುಗಳು ಅದನ್ನೇ ಮಾಡತೊಡಗಿದವು. ನೋಡಲು ಎಲ್ಲವೂ ಒಂದೇ. ಒಂದರ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ತೋಟಾ ಡಬ್ಬಿ) ಇನ್ನೊಂದಕ್ಕೆ ಕೂರುವುದಿಲ್ಲ, ಕೂತರೂ ತೋಟಾ ಸರಿಯಾಗಿ ಏರುವುದಿಲ್ಲ. ಉಕ್ಕೂ ಒಬ್ಬೊಬ್ಬರದು ಒಂದೊಂದು ಥರ. ನಮ್ಮ ನೆಂಟರದ್ದೂ ಇದೇ ಜಾತಿ. ಅದೇ ಗಬಿಲೊಂಡೊ ಆಮೇಲೆ 'ಲಾಮಾ' ಹೆಸರಲ್ಲಿ ಮಾಡಿದ, ಪುಟ್ಟ ಕೋಲ್ಟ್ 1911ರ ಹಾಗೆ ಕಾಣುವ .32ಗಳು ಒಳ್ಳೆಯವು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹೊಸದೇ ಬೇಕು ಅನ್ನುವವರಿಗೆ ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಇದೆ. ನಡುವೆ ಮುರಿದು ತೋಟಾ ತುಂಬುವ, ಆರು ಗುಂಡಿನ ರಿವಾಲ್ವರ್. ವೆಬ್ಲಿಯ ನೇರ ಮೊಮ್ಮಗ. ಹಳೇ ಮಿಲಿಟರಿ ಚಹರೆ ಬೇಕು, ತಲೆನೋವು ಬೇಡ ಅನ್ನುವವರು ಅದನ್ನೇ ತನ್ನಿ.

3. ಖಾಲಿ ಮಾಡಿ

ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಹಿಂದಕ್ಕೆ. ಈ ಕ್ರಮ ತಿರುಗಿಸಿದರೆ ಇದ್ದ ತೋಟಾ ಹೊರಗೆ ಬಿದ್ದು, ಮ್ಯಾಗಜಿನ್‌ನಿಂದ ಇನ್ನೊಂದು ಒಳಗೆ ಹೋಗಿ ಕೂತಿರುತ್ತದೆ. ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಮಾರುವವರು 'ಖಾಲಿ ಇದೆ ಮಾರಾಯ್ರೇ' ಅಂದರೂ ನೋಡಿ.

4. ಬಿಚ್ಚಿ ನೋಡುವುದು

ಎಡವುವುದೆಲ್ಲ ಇಲ್ಲೇ. ಅಂಗಡಿಯವರ ಎದುರು ಬಿಚ್ಚಲು ಸಂಕೋಚ. ಸಂಕೋಚ ಬೇಡ. ಬಿಚ್ಚಲು ಬಿಡದವರ ಹತ್ತಿರ ಕೊಳ್ಳಲೇಬೇಡಿ.

ಜೇಬಿನಲ್ಲಿ ಮೂರು ಸಾಮಾನು ಇರಲಿ: ಹಳೇ ಬನಿಯನ್ ಬಟ್ಟೆ, ಸಣ್ಣ ಟಾರ್ಚ್, ಬಿಳಿ ಕಾಗದದ ತುಂಡು. ನಳಿಗೆಯೊಳಗೆ ಮೊದಲು ಒಣ ಬಟ್ಟೆ ತೂರಿಸಿ ಎಳೆಯಿರಿ. ಮಾರುವ ದಿನ ಎಲ್ಲರೂ ಒಳಗೆ ಎಣ್ಣೆ ಸುರಿದಿರುತ್ತಾರೆ. ಎಣ್ಣೆ ತುಂಬಿದ ಗುಳಿ ಕಣ್ಣಿಗೆ ನುಣುಪಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಹಿಂಬದಿಗೆ ಕಾಗದ ಹಿಡಿದು ಅದರ ಮೇಲೆ ಟಾರ್ಚ್ ಬಿಡಿ. ಮುಂದಿನಿಂದ ನೋಡಿ. ಈಗ ನಳಿಗೆ ತಿರುಗಿಸಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿರಬೇಕು. ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಅವು ತುಕ್ಕು ತಿಂದ ಗುಳಿ. ತುದಿಯಲ್ಲಿ ಒಂದೆರಡು ಇದ್ದರೆ ಚೌಕಾಸಿ ಮಾಡಿ. ತುಂಬಾ ಇದ್ದರೆ ಬಿಡಿ. ಉಂಗುರ ಕಂಡರೆ ಚೌಕಾಸಿಯೂ ಬೇಡ, ಎದ್ದು ಬನ್ನಿ.

ಹೊರಗೆ ನಿಕ್ಕಲ್ ಇದ್ದರೆ ಅಕ್ಷರಗಳನ್ನು ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಹೆಸರು, ನಂಬರು, ಪರೀಕ್ಷೆಯ ಮುದ್ರೆ ಇವುಗಳ ಅಂಚು ಬೆರಳಿಗೆ ತಾಗುತ್ತದೆ. ತುಕ್ಕು ಹಿಡಿದದ್ದನ್ನು ಉಜ್ಜಿ ಪಾಲಿಶ್ ಮಾಡಿ ಮೇಲೆ ನಿಕ್ಕಲ್ ಬಳಿದಿದ್ದರೆ ಅಕ್ಷರಗಳು ಕರಗಿದ ಬೆಲ್ಲದ ಹಾಗೆ ದುಂಡಗಾಗಿರುತ್ತವೆ. ಸ್ಕ್ರೂ ತೂತಿನ ಸುತ್ತ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ಕರಿಬಣ್ಣ ಮಾಸಿದ, ಹಿಡಿ ಸವೆದ, ಆದರೆ ಅಕ್ಷರ ಚೂಪಾದ ಪಿಸ್ತೂಲು ಅದಕ್ಕಿಂತ ಎಷ್ಟೋ ಮೇಲು. ಬಣ್ಣ ಹೋಗಿದ್ದರೆ ಬೆಲೆಯೂ ಇಳಿಯುತ್ತದೆ, ನಿಮಗೇ ಲಾಭ.

ಸ್ಲೈಡು, ಚೌಕಟ್ಟು, ನಳಿಗೆ ಹೀಗೆ ನಂಬರು ಇದ್ದಲ್ಲೆಲ್ಲ ಓದಿ, ಒಂದಕ್ಕೊಂದು ಹೊಂದುತ್ತದಾ ನೋಡಿ. ಮಾರುವವರ ಲೈಸೆನ್ಸ್ ಪುಸ್ತಕದಲ್ಲಿರುವ ನಂಬರಿಗೂ ಹೊಂದಬೇಕು. ನಂಬರು ಉಜ್ಜಿದ ಅಥವಾ ಮತ್ತೆ ಒತ್ತಿದ ಗುರುತಿದ್ದರೆ ಅದು ಗುಣಮಟ್ಟದ ಪ್ರಶ್ನೆಯಲ್ಲ, ಪೊಲೀಸ್ ಕೇಸು.

ಈಗ ಸ್ಪ್ರಿಂಗು. ಖಾಲಿ ಪಿಸ್ತೂಲಿನ ಮೂತಿ ಮೇಲೆ ಮಾಡಿ, ಸ್ಲೈಡನ್ನು ಹಿಂದಕ್ಕೆಳೆದು ಕೈಬಿಡದೆ ನಿಧಾನಕ್ಕೆ ಮುಂದೆ ಬಿಡಿ. ತಾನಾಗಿ ಪೂರ್ತಿ ಮುಚ್ಚಬೇಕು. ಕೊನೆಯಲ್ಲಿ ಬೆರಳಿಂದ ತಳ್ಳಬೇಕಾದರೆ ಒಂದೋ ಕೊಳೆ, ಇಲ್ಲವೋ ಸುಸ್ತಾದ ಸ್ಪ್ರಿಂಗು. ಹಿಂದಿನವರು ಸುಸ್ತಾದ ಸ್ಪ್ರಿಂಗಿನಲ್ಲೇ ವರ್ಷಗಟ್ಟಲೆ ಹಾರಿಸಿದ್ದರೆ ಸ್ಲೈಡು ಪ್ರತಿ ಸಲ ಚೌಕಟ್ಟಿಗೆ ಬಡಿದಿರುತ್ತದೆ. ಖಾಲಿ ತೋಟಾ ಹೊರಬರುವ ಕಿಂಡಿಯ ಮೂಲೆಗಳಲ್ಲಿ, ಹಿಡಿಯ ಮೇಲ್ಗಡೆ ಕೂದಲೆಳೆಯಂಥ ಬಿರುಕು ಇದೆಯಾ ಹುಡುಕಿ. ಉಗುರು ಎಳೆದರೆ ಗೊತ್ತಾಗುತ್ತದೆ.

ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಚಿಲಕ, ನೋಡುವ ರೀತಿಯೂ ಅರ್ಧಕ್ಕೇ ನಿಲ್ಲುತ್ತದೆ. ಸೇಫ್ಟಿ ಹಾಕಿ ಟ್ರಿಗರ್ ಒತ್ತುತ್ತಾರೆ, ಬೀಳಲಿಲ್ಲ, ಸರಿ ಅಂತಾರೆ. ಸರಿ ಅಲ್ಲ. ಟ್ರಿಗರ್ ಬಿಟ್ಟು, ಸೇಫ್ಟಿ ತೆಗೆದು, ಏನೂ ಮುಟ್ಟದೆ ಕೇಳಿ. ಸವೆದಿದ್ದರೆ ಆಗ 'ಟಕ್' ಅಂತ ಕುದುರೆ (ತೋಟಾಕ್ಕೆ ಬಡಿಯುವ ಸುತ್ತಿಗೆ) ಬೀಳುತ್ತದೆ. ಅಂಥದ್ದನ್ನು ಯಾವ ಬೆಲೆಗೂ ತರಬೇಡಿ.

ಕೊನೆಗೆ ಮ್ಯಾಗಜಿನ್. ಬಾಯಿಯ ಎರಡು ತುಟಿ ಸಮನಾಗಿದೆಯಾ, ಬಿರುಕಿದೆಯಾ, ಅದೇ ಪಿಸ್ತೂಲಿನದೇನಾ? ಹಳೇ ಪಿಸ್ತೂಲು ಸಿಕ್ಕಿಕೊಳ್ಳುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. ಮ್ಯಾಗಜಿನ್ ಇಲ್ಲದ ಪಿಸ್ತೂಲನ್ನು 'ಆಮೇಲೆ ಹುಡುಕಿದರಾಯ್ತು' ಅಂತ ಕೊಂಡವರೊಬ್ಬರು ನಮ್ಮೂರಲ್ಲೇ ಇದ್ದಾರೆ. ಇನ್ನೂ ಹುಡುಕುತ್ತಿದ್ದಾರೆ. ಲೇತ್ ಅಂಗಡಿಯಲ್ಲಿ ಮಾಡಿಸುತ್ತೇನೆ ಅನ್ನುವ ಬುದ್ಧಿವಂತಿಕೆ ಬೇಡ.

5. ರಿವಾಲ್ವರ್ ಆದರೆ

ಮುಚ್ಚಿ, ಒಂದು ಕೈಯಲ್ಲಿ ನಳಿಗೆ, ಇನ್ನೊಂದರಲ್ಲಿ ಹಿಡಿ ಹಿಡಿದು ಅಲ್ಲಾಡಿಸಿ. ಕೀಲಿನಲ್ಲಿ ಹಳೇ ಬಾಗಿಲಿನ ಹಾಗೆ ಆಟ ಇರಬಾರದು. ಕುದುರೆಯನ್ನು ನಿಧಾನಕ್ಕೆ ಹಿಂದಕ್ಕೆಳೆದು, ತೋಟಾ ಕೂರುವ ಆರೂ ಕೋಣೆಗಳು ಒಂದೊಂದಾಗಿ ನಳಿಗೆಯ ನೇರಕ್ಕೆ ಬಂದು 'ಕಟಕ್' ಅಂತ ಕೂರುತ್ತವಾ ಎಣಿಸಿ. ಐದು ಕೂತು ಒಂದು ತಡವಾದರೂ ಬೇಡ.

ತೋಟಾ ಪುಣೆಯ ಖಡ್ಕಿ ಕಾರ್ಖಾನೆಯದು ಸಿಗುತ್ತದೆ. ಆದರೆ ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಪಿಸ್ತೂಲಿನದು ರಿವಾಲ್ವರಿನ ಕೋಣೆಯೊಳಗೆ ಇಳಿಯುತ್ತದೆ. ಇಳಿಯಿತು ಅಂತ ಹಾರಿಸಬೇಡಿ.

6. ಕಾಗದ

ಲೈಸೆನ್ಸ್ ಇರುವವರಿಂದ ನೇರವಾಗಿ ಕೊಳ್ಳುವುದಾದರೆ, ಮಾರುವವರು 45 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಬರೆದು ತಿಳಿಸಬೇಕು. ಹಾಗಾಗಿ ಅಡ್ವಾನ್ಸ್ ಕಡಿಮೆ ಕೊಡಿ. ಗುಂಡು ಹಾರಿಸಿ ನೋಡುವುದು ಪರವಾನಗಿ ಇರುವ ರೇಂಜಿನಲ್ಲಿ ಮಾತ್ರ. ಹಿತ್ತಲಲ್ಲಿ ಅಲ್ಲ.

7. ತಂದಮೇಲೆ ಮಳೆಗಾಲ

ಆಗುಂಬೆ ಕಡೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ. ಪುಷ್ಯ ಮಳೆಯಲ್ಲಿ ಗೂಟಕ್ಕೆ ನೇತುಹಾಕಿದ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು ಬರುವುದು ನೋಡಿದ್ದೀರಲ್ವಾ? ಅದೇ ಚರ್ಮದ ಚೀಲದಲ್ಲಿ ಪಿಸ್ತೂಲು ಇಡುತ್ತೀರಿ. ನಾನೂ ಇಟ್ಟಿದ್ದೆ. ಅಪ್ಪನ ಬ್ರೌನಿಂಗನ್ನು ಒಂದು ಮಳೆಗಾಲ ಚೀಲದೊಳಗೇ ಮರೆತೆ. ಚೌತಿ ಹೊತ್ತಿಗೆ ತೆಗೆದರೆ ಚರ್ಮದ ಹೊಲಿಗೆ ತಾಗಿದ್ದ ಕಡೆಯೆಲ್ಲ ಹೊಲಿಗೆಯ ಅಚ್ಚೇ ತುಕ್ಕಿನಲ್ಲಿ ಮೂಡಿತ್ತು. ಈಗಲೂ ಇದೆ. ಚೀಲ ಹೊರಗೆ ಹೋಗುವಾಗ ಮಾತ್ರ. ಮನೆಯಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆ ಒರೆಸುವುದು.

ಕೊಬ್ಬರಿ ಎಣ್ಣೆ ಹಚ್ಚಲೇಬೇಡಿ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲಿ ಹೇಗೆ ಹೆಪ್ಪುಗಟ್ಟುತ್ತದೋ ಪಿಸ್ತೂಲಿನೊಳಗೂ ಹಾಗೇ ಕಟ್ಟುತ್ತದೆ. ಹೊಲಿಗೆ ಮಿಷನ್ ಎಣ್ಣೆ ಅದಕ್ಕಿಂತ ವಾಸಿ, ಗನ್ ಆಯಿಲ್ ಸಿಕ್ಕರೆ ಅದೇ. ಆಯುಧಪೂಜೆಗೆ ಅರಿಶಿನ, ಕುಂಕುಮ, ಗಂಧ ಹಚ್ಚುವುದನ್ನು ಬೇಡ ಅನ್ನಲು ನನ್ನಿಂದ ಆಗುವುದಿಲ್ಲ, ಮನೆಯಲ್ಲಿ ಕೇಳುವುದೂ ಇಲ್ಲ. ಅಂಗಡಿಯ ಕುಂಕುಮ ಸ್ಲೈಡಿನ ಸಂದಿಗೆ ಇಳಿದರೆ ಒದ್ದೆ ಹೀರಿಕೊಂಡು ಅಲ್ಲೇ ಕೂರುತ್ತದೆ. ಹಾಗಾಗಿ ನಾನು ಬಾಳೆ ಎಲೆ ಮೇಲೆ ಪೆಟ್ಟಿಗೆ ಇಟ್ಟು, ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೇ ಹಚ್ಚಿಸುತ್ತೇನೆ.