ಗುಳ್ಳೆ ಎದ್ದರೆ ಪಿಸ್ಟನ್, ಸುಮ್ಮನಿದ್ದರೆ ಮಸಿ

ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರ್. ಬ್ರೀದರಿನಲ್ಲಿ (ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ನಳಿಕೆ) ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು, ಎಂಜಿನ್ ಆಯಿಲ್ ವಿಪರೀತ ಖರ್ಚು. ನನಗಿಂತ ಮೊದಲು ನೋಡಿದ್ದ ಇಬ್ಬರು ಹಿರಿಯ ಮೆಕ್ಯಾನಿಕ್‌ಗಳು ಮೂರೂ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಮೂರೂ ಪಿಸ್ಟನ್ ಬದಲಾಯಿಸಲೇಬೇಕು ಎಂದಿದ್ದರು. ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಬಿಚ್ಚುವ ಮೊದಲೇ ನಾನು ಮಾಲೀಕರಿಗೆ ಹೇಳಿದೆ: ಎರಡನೆಯ ಪಿಸ್ಟನ್ ಒಡೆದಿದೆ, ಒಂದು ಮತ್ತು ಮೂರರಲ್ಲಿ ಮಸಿ ಕಟ್ಟಿ ರಿಂಗ್ (ಒತ್ತಡ ಸೋರದಂತೆ ಪಿಸ್ಟನ್ನಿಗೆ ತೊಡಿಸಿದ ಬಳೆ) ಹಿಡಿದುಕೊಂಡಿದೆ, ಅಷ್ಟೆ. ಆ ಇಬ್ಬರೂ ನಕ್ಕರು. ಬಿಚ್ಚಿದಾಗ ನಾನು ಹೇಳಿದಂತೆಯೇ ಇತ್ತು. ಆಯಿಲ್ ಫಿಲ್ಟರಿನಲ್ಲಿ ಸಿಕ್ಕ ಚೂರನ್ನು ಕಾಸ್ಟಿಕ್ ಸೋಡಾ ನೀರಿಗೆ ಹಾಕಿ ಗುಳ್ಳೆ ನೋಡುವ ನನ್ನ ವಿಧಾನ ಸತತವಾಗಿ ನಿಜವಾದ ಐದನೆಯ ಎಂಜಿನ್ ಇದು. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ಧೈರ್ಯ ಅಗ್ಗಕ್ಕೆ ಬಂದದ್ದಲ್ಲ. ಹಲವು ವರ್ಷಗಳ ಹಿಂದೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಒಂದು ಎಂಜಿನ್ನಿಗೆ ಪೂರ್ತಿ ಹೊಸ ಸೆಟ್ ಹಾಕಿದೆ. ಹೊರತೆಗೆದ ಪಿಸ್ಟನ್‌ಗಳನ್ನು ಮಾಲೀಕರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದರಲ್ಲಿ ಎಲ್ಲಿ ಒಡೆದಿದೆ?” ಎಂದು ಕೇಳಿದರು. ಎಲ್ಲಿಯೂ ಒಡೆದಿರಲಿಲ್ಲ. ಮೇಲಿನ ರಿಂಗ್ ಮಸಿಯಲ್ಲಿ ಸಿಮೆಂಟಿನಂತೆ ಕೂತಿತ್ತು. ಅವರ ಹಣ ಹೋಯಿತು. ಮುಂದಿನ ಎಂಜಿನ್ನಿನಲ್ಲಿ ಅದರ ಉಲ್ಟಾ ತಪ್ಪು ಮಾಡಿದೆ. ಬರೀ ಮಸಿ ಇರಬೇಕು ಎಂದು ಎಣ್ಣೆಯಲ್ಲಿ ನೆನೆಹಾಕಿ, ರಿಂಗ್ ಬಿಡಿಸಿ ಉಳುಮೆಗೆ ಕಳುಹಿಸಿದೆ. ಆದರೆ ಒಳಗೆ ರಿಂಗ್‌ಗಳ ನಡುವಿನ ಪಟ್ಟಿ ಒಡೆದಿತ್ತು. ಆ ಚೂರು ಲೈನರನ್ನು ಮೇಲಿನಿಂದ ಕೆಳಗಿನವರೆಗೆ ಗೀರಿಬಿಟ್ಟಿತು. ಆ ಖರ್ಚು ನಾನೇ ಹೊತ್ತೆ, ಸುಮಾರು ಎರಡು ತಿಂಗಳ ದುಡಿಮೆ.

ಕಂಪ್ರೆಷನ್ ಗೇಜ್ ಒತ್ತಡ ಸೋರುತ್ತಿದೆ ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುವ ಪದ್ಧತಿಯನ್ನು ಡೀಸೆಲ್ ಎಂಜಿನ್ನಿನಲ್ಲಿ ನಾನು ನಂಬುವುದಿಲ್ಲ. ಪಿಸ್ಟನ್ನಿನ ತಲೆಯ ಮೇಲಿನ ಬಟ್ಟಲಿನಲ್ಲೇ ಆಯಿಲ್ ನಿಂತುಬಿಡುತ್ತದೆ. ಮೇಲೆ ಉಳಿಯುವ ಜಾಗ ಮೊದಲೇ ಚಿಕ್ಕದು, ಆಯಿಲ್ ಅದನ್ನು ಇನ್ನಷ್ಟು ಚಿಕ್ಕದು ಮಾಡುವುದರಿಂದ ಮುಳ್ಳು ಸುಮ್ಮನೆ ಏರುತ್ತದೆ.

ದಾರಿ ಸಿಕ್ಕಿದ್ದು ಇನ್ನೊಂದು ನಷ್ಟದಿಂದ. ಬಿಚ್ಚಿದ ಪಿಸ್ಟನ್‌ಗಳ ಮಸಿಯನ್ನು ಕೆರೆಯುವ ಕಷ್ಟ ತಪ್ಪಲಿ ಎಂದು ಮೂರು ಒಳ್ಳೆಯ ಅಲ್ಯುಮಿನಿಯಂ ಪಿಸ್ಟನ್‌ಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿಟ್ಟೆ. ಕಬ್ಬಿಣದ ಭಾಗಗಳಿಗೆ ಅದನ್ನು ಬಳಸಿದ ಅಭ್ಯಾಸವಿತ್ತು. ಅಲ್ಯುಮಿನಿಯಮ್ಮನ್ನು ಅದು ತಿನ್ನುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಬಕೆಟ್ ಹಾಲು ಉಕ್ಕಿದಂತೆ ನೊರೆಯೆದ್ದಿತು. ತೆಗೆದು ತೊಳೆದಾಗ ಮೈಯೆಲ್ಲ ಕಪ್ಪು, ರಿಂಗ್ ಕೂರುವ ತೋಡು ಅಗಲವಾಗಿ ಹೊಸ ರಿಂಗ್ ಗಡಗಡ ಅಲ್ಲಾಡುತ್ತಿತ್ತು. ಮೂರೂ ಗುಜರಿಗೆ ಹೋದವು. ಆದರೆ ಆ ಬಕೆಟ್ಟಿನಲ್ಲೇ ಬಿದ್ದಿದ್ದ ಹಳೆಯ ರಿಂಗಿನ ತುಂಡು ಮತ್ತು ಉದುರಿದ ಮಸಿಯ ಹಕ್ಕಳೆ ಒಂದು ಗುಳ್ಳೆಯನ್ನೂ ಬಿಟ್ಟಿರಲಿಲ್ಲ. ಅದನ್ನು ನೋಡಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಮಾಡುವುದು ಹೀಗೆ. ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆಗಳನ್ನು ಬಿಡಿಸುತ್ತೇನೆ. ಸೀಮೆಎಣ್ಣೆಯಲ್ಲಿ ತೊಳೆದ ಕಸವನ್ನು ತಟ್ಟೆಯಲ್ಲಿ ಹರಡಿ, ಕೆಳಗಿನಿಂದ ಆಯಸ್ಕಾಂತ ಆಡಿಸುತ್ತೇನೆ. ಅದರ ಹಿಂದೆ ಓಡುವುದು ರಿಂಗ್, ಲೈನರಿನ ಕಬ್ಬಿಣ. ಓಡದೆ ಉಳಿದದ್ದನ್ನು ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಜಿಡ್ಡು ತೆಗೆಯಬೇಕು. ಇಲ್ಲದಿದ್ದರೆ ಕಾಸ್ಟಿಕ್ ನೀರು ಚೂರಿಗೆ ಅಂಟುವುದೇ ಇಲ್ಲ. ನಂತರ ಗಾಜಿನ ಬಟ್ಟಲು, ತೆಳುವಾದ ಕಾಸ್ಟಿಕ್ ನೀರು. ಕನ್ನಡಕ, ಗ್ಲೌಸ್ ಬೇಕೇ ಬೇಕು. ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಆಗಬೇಕು, ಏಕೆಂದರೆ ಏಳುವ ಗುಳ್ಳೆ ಹೈಡ್ರೋಜನ್.

ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದು ಬೂದು ಚೂರಿನ ಅಂಚಿನಿಂದ ಕೂದಲೆಳೆಯಂಥ ಗುಳ್ಳೆಗಳ ಸಾಲು ಏಳುತ್ತದೆ. ಚೂರು ನಡುಗಿ, ತಳ ಬಿಟ್ಟು ಮೇಲಕ್ಕೆ ತೇಲಿ, ಅಲ್ಲಿ ಗರಗರ ತಿರುಗುತ್ತದೆ. ಪಕ್ಕದಲ್ಲಿ ಬಿದ್ದ ಮಸಿ ಮಿಸುಕುವುದಿಲ್ಲ. ಬೇರಿಂಗಿನ ತಾಮ್ರದ ಚೂರು ಹೊಳೆಯುತ್ತಾ ಹಾಗೆಯೇ ಕೂತಿರುತ್ತದೆ. ಅಲ್ಯುಮಿನಿಯಂ ಬೇರಿಂಗ್ ಇರುವ ಎಂಜಿನ್ನಿನಲ್ಲಿ ಇದು ದಾರಿ ತಪ್ಪಿಸಬಹುದು, ಅದನ್ನು ಮೊದಲೇ ತಿಳಿದುಕೊಳ್ಳಬೇಕು. ಫಿಲ್ಟರ್ ಇತ್ತೀಚೆಗೆ ಬದಲಾಗಿದ್ದರೆ ಗುಳ್ಳೆ ಬಾರದ್ದಕ್ಕೆ ಬೆಲೆಯಿಲ್ಲ. ಇನ್ನೊಂದು ಮಾತು: ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ತೊಟ್ಟಿಕ್ಕಿ ಪಿಸ್ಟನ್ನಿನ ತಲೆ ಕರಗಿದ್ದರೆ ಆ ಲೋಹ ಹೆಚ್ಚಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ, ಆಯಿಲಿಗೆ ಬರುವುದಿಲ್ಲ. ಅದಕ್ಕಾಗಿ ಇಂಜೆಕ್ಟರ್ ತೂತಿನಿಂದ ಕ್ಯಾಮೆರಾ ಇಳಿಸಿ ನೋಡುವುದನ್ನು ನಾನು ಬಿಟ್ಟಿಲ್ಲ.

ಈ ಎಂಜಿನ್ನಿನ ಬಟ್ಟಲಿನಲ್ಲಿ ಏಳೆಂಟು ಚೂರುಗಳು ಕುಣಿದವು. ಯಾವ ಸಿಲಿಂಡರ್ ಎಂದು ತಿಳಿಯಲು ಪ್ರತಿಯೊಂದು ಪಿಸ್ಟನ್ನನ್ನೂ ಮೇಲಿನ ತುದಿಗೆ ತಂದು, ಗೇರಿನಲ್ಲಿ ನಿಲ್ಲಿಸಿ ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟೆ. ಆಯಿಲ್ ಹಾಕುವ ಬಾಯಿಗೆ ರಬ್ಬರ್ ನಳಿಕೆ ಇಟ್ಟು ಕೇಳಿದರೆ ಮೂರರಲ್ಲೂ ಸೋರಿಕೆ ಇತ್ತು, ಎರಡನೆಯದರಲ್ಲಿ ಮಾತ್ರ ಬುಸುಗುಟ್ಟುತ್ತಿತ್ತು. ನಂತರ ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು ರಿಂಗ್‌ಗಳನ್ನು ನೆನೆಹಾಕಿದೆ. ಗೇರ್ ಆಯಿಲ್ ಜಾತಿಯ ಒಂದು ತೆಳು ಎಣ್ಣೆ, ಡೀಸೆಲ್, ಜೊತೆಗೆ ಮೂರನೆಯದೊಂದು. ಆ ಮೂರನೆಯದನ್ನೂ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ಕಲೆಸಿ ಕಲೆಸಿ ಕಂಡುಕೊಂಡದ್ದು. ಐದು ದಿನ, ಬೆಳಿಗ್ಗೆ ಸಂಜೆ ಕ್ರ್ಯಾಂಕನ್ನು ಕೈಯಿಂದ ಕಾಲು ಸುತ್ತು ತಿರುಗಿಸಿದೆ. ಸ್ಟಾರ್ಟ್ ಮಾಡುವ ಮುನ್ನ ಇಂಜೆಕ್ಟರ್ ಬಿಚ್ಚಿದ ಹಾಗೆಯೇ ಎಂಜಿನ್ ತಿರುಗಿಸಿ ಎಣ್ಣೆಯನ್ನೆಲ್ಲ ಹೊರಗೆ ಚಿಮ್ಮಿಸಲೇಬೇಕು. ಮರೆತರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೊಸ ಆಯಿಲ್ ಹಾಕಿ ಹತ್ತು ಗಂಟೆ ಕೆಲಸ ಮಾಡಿಸಿದೆ. ಎರಡನೆಯದು ಒಡೆದಿರುವಾಗ ಅದು ಅಪಾಯವೇ, ಆದ್ದರಿಂದ ಹಗುರವಾದ ಕೆಲಸ ಮಾತ್ರ, ಮಾಲೀಕರಿಗೆ ಹೇಳಿಯೇ. ಒದ್ದೆ ರಿಂಗಿನ ಮೇಲೆ ಅಳೆದ ಅಂಕಿ ಸುಳ್ಳು ಹೇಳುತ್ತದೆ, ಆದ್ದರಿಂದ ಆಮೇಲೆಯೇ ಗೇಜ್ ಹಾಕಿದ್ದು. ನೆನಪಿನಿಂದ ಹೇಳುವುದಾದರೆ ಒಂದನೆಯದು 290 ಪಿಎಸ್‌ಐನಿಂದ (ಒತ್ತಡದ ಅಳತೆ) 370ಕ್ಕೆ ಏರಿತ್ತು, ಮೂರನೆಯದು 300ರಿಂದ 380ರ ಹತ್ತಿರ. ಎರಡನೆಯದು ಮೊದಲೂ 240, ಆಮೇಲೂ 240.

ಮಸಿ ಬಿಡಿಸಲು ನೀರಿನ ತುಂತುರನ್ನು ಗಾಳಿಯ ದಾರಿಯಲ್ಲಿ ಬಿಡುವುದನ್ನೂ ಬೇರೊಂದು ಎಂಜಿನ್ನಿನಲ್ಲಿ ಮಾಡಿ ನೋಡಿದ್ದೇನೆ. ಸೈಲೆನ್ಸರಿನಿಂದ ಕಪ್ಪು ಹಕ್ಕಳೆ ಹಾರಿದಾಗ ಗೆದ್ದೆ ಎಂದುಕೊಂಡೆ. ಹೆಡ್ ತೆಗೆದರೆ ಪಿಸ್ಟನ್ನಿನ ತಲೆ ತುಸು ಬಿಳುಪಾಗಿತ್ತು, ರಿಂಗಿನ ತೋಡು ಮೊದಲಿದ್ದಂತೆಯೇ ಇತ್ತು. ಅದಕ್ಕೆ ಬದಲು, ಎರಡು ದಿನದ ಭಾರವಾದ ಉಳುಮೆಯೇ ಒಂದು ಎಂಜಿನ್ನಿನ ರಿಂಗನ್ನು ಬಿಡಿಸಿಕೊಟ್ಟದ್ದುಂಟು, ಒಂದು ಕಾಸೂ ಖರ್ಚಿಲ್ಲದೆ. ಈ ಟ್ರ್ಯಾಕ್ಟರಿನಲ್ಲಿ ಮಸಿಯ ಮೂಲ ಬೇರೆ ಕಡೆ ಇತ್ತು: ಯಾರೋ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ತಂಪಿನ ನೀರನ್ನು ತಡೆಯುವ ಕವಾಟ) ಕಿತ್ತುಹಾಕಿದ್ದರು. ಎಂಜಿನ್ ಸದಾ ತಣ್ಣಗೆ ಓಡಿ ಒಳಗೆ ಡಾಂಬರು ಕಟ್ಟಿತ್ತು. ಹೊಸದೊಂದನ್ನು ಕೂರಿಸಿದೆ. ಆ ಚಿಕ್ಕ ಸಾಮಾನು ಉಳಿಸಲು ಹೋಗಿ ಎಷ್ಟು ಎಂಜಿನ್‌ಗಳು ಹಾಳಾಗಿವೆಯೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಎರಡನೆಯ ಪಿಸ್ಟನ್ನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪಟ್ಟಿ ಒಡೆದು, ರಿಂಗ್‌ಗಳ ನಡುವೆಯೇ ಸಿಕ್ಕಿಕೊಂಡಿತ್ತು. ಲೈನರಿನಲ್ಲಿ ಉಗುರಿಗೆ ತಾಗುವ ಗೀರು ಇದ್ದುದರಿಂದ ಆ ಒಂದು ಸಿಲಿಂಡರಿಗೆ ಮಾತ್ರ ಲೈನರ್, ಪಿಸ್ಟನ್, ರಿಂಗ್ ಹಾಕಿದೆ. ಹೊಸ ಪಿಸ್ಟನ್ನನ್ನು ಹಳೆಯವುಗಳ ತೂಕಕ್ಕೆ ಕೆಲವೇ ಗ್ರಾಂಗಳ ಒಳಗೆ ಹೊಂದಿಸಿದೆ. ಎಲ್ಲಿಂದ ಲೋಹ ತೆಗೆದೆ ಎಂಬುದು ನನ್ನಲ್ಲೇ ಇರಲಿ. ಹೆಡ್ ಗ್ಯಾಸ್ಕೆಟ್, ಆಯಿಲ್, ಥರ್ಮೋಸ್ಟಾಟ್ ಎಲ್ಲ ಸೇರಿ, ಆ ಇಬ್ಬರು ಹೇಳಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಿತು.

ಐವತ್ತು ಗಂಟೆ ಓಡಿದ ಮೇಲೆ ಫಿಲ್ಟರ್ ಕೊಯ್ದು ಮತ್ತೆ ಬಟ್ಟಲು ಇಟ್ಟೆ. ನಕ್ಕಿದ್ದವರಲ್ಲಿ ಒಬ್ಬರು ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. ಪುಡಿಯಂಥ ಒಂದೇ ಒಂದು ಕಣ ಗುಳ್ಳೆ ಬಿಟ್ಟು ಕರಗಿಹೋಯಿತು, ಹೊಸ ಪಿಸ್ಟನ್ ಸವೆದು ಕೂರುವಾಗ ಅಷ್ಟು ಇದ್ದೇ ಇರುತ್ತದೆ. ಕಾಲು ಗಂಟೆ ಇಬ್ಬರೂ ನೋಡಿದೆವು. ಉಳಿದದ್ದೆಲ್ಲ ತಳದಲ್ಲಿ ಸುಮ್ಮನೆ ಬಿದ್ದಿತ್ತು.